ನಾಲ್ಕನೇ ಚೆಲ್ಲೋದ ಕುರ್ಚಿ

ನಾವು ಬಾರಿಸಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಇದು ದೂರಲ್ಲ, ನಮ್ಮ ಕೆಲಸವೇ ಹಾಗಿತ್ತು. ಸಿನಿಮಾ ಹಾಡಿನಲ್ಲಿ ಗಾಯಕಿಯ ದನಿಯ ಕೆಳಗೆ ಪಿಟೀಲುಗಳು, ಪಿಟೀಲುಗಳ ಕೆಳಗೆ ನಾವು ಚೆಲ್ಲೋದವರು. ಚೆಲ್ಲೋ ಅಂದರೆ ಕುರ್ಚಿಯ ಮೇಲೆ ಕೂತು, ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಬಾರಿಸುವ ದೊಡ್ಡ ಪಿಟೀಲು. ಅದು ಇದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ತೆಗೆದರೆ ಮಾತ್ರ ಹಾಡಿಗೆ ಏನೋ ಕಡಿಮೆಯಾಯಿತು ಅನ್ನಿಸುತ್ತದೆ ಎಂದು ಮಾಸ್ಟರ್ ಹೇಳುತ್ತಿದ್ದರು.

ಮಾಸ್ಟರ್ ಅಂದರೆ ನಮ್ಮ ಚೆಲ್ಲೋ ಸಾಲಿನ ಹಿರಿಯರು. ಹುಬ್ಬಳ್ಳಿ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಪಕ್ಕ ಕೂತು ಚೆಲ್ಲೋ ಬಾರಿಸುತ್ತಿದ್ದವರು ಆಮೇಲೆ ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೋಗಳಿಗೆ ಬಂದರು. ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಕೂರಿಸಿದವರೂ ಅವರೇ. ಪೀಣ್ಯದ ಹತ್ತಿರ ದಾಸರಹಳ್ಳಿಯಲ್ಲಿ ಅವರ ಮನೆ. ನಾನು ಹೋದಾಗಲೆಲ್ಲ ರೇಡಿಯೋದಲ್ಲಿ ನಾವು ಬಾರಿಸಿದ ಯಾವುದಾದರೂ ಹಾಡು ಬಂದರೆ ಅವರ ಹೆಂಡತಿ ಅಡುಗೆಮನೆಯಿಂದ ಬಂದು ಕೇಳುತ್ತಿದ್ದರು.

"ಏನ್ರೀ, ಇದರಾಗ ನಿಮ್ಮದು ಯಾವುದ್ರೀ?"

ಮಾಸ್ಟರ್ ರೇಡಿಯೋಗೆ ಕಿವಿ ಹಚ್ಚಿ, ಒಂದು ಬೆರಳು ಎತ್ತಿ ಕಾಯುತ್ತಿದ್ದರು. "ತಡಿ... ಈಗ... ಹಾಂ, ಇದ!" ಅಷ್ಟರಲ್ಲಿ ಗಾಯಕಿ ಮುಂದಿನ ಸಾಲಿಗೆ ಹೋಗಿರುತ್ತಿದ್ದಳು. "ಎಲ್ಲಿ?" ಅನ್ನುತ್ತಿದ್ದರು ಆಕೆ. "ಹೋತು ಬಿಡು" ಅನ್ನುತ್ತಿದ್ದರು ಇವರು. ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಕೀಬೋರ್ಡ್ ಬಂದು ನಮ್ಮ ಸಾಲನ್ನೇ ನುಂಗಿಹಾಕಿತು. ಒಬ್ಬ ಹುಡುಗ ಹತ್ತು ಬೆರಳಲ್ಲಿ ಇಪ್ಪತ್ತು ಪಿಟೀಲು, ನಾಲ್ಕು ಚೆಲ್ಲೋ ಬಾರಿಸಿಬಿಡುತ್ತಿದ್ದ. ಸ್ಟುಡಿಯೋದಿಂದ ಫೋನ್ ಬರುವುದು ವಿರಳವಾಯಿತು, ಆಮೇಲೆ ನಿಂತೇ ಹೋಯಿತು. ನಾನು ಮನೆಮನೆಗೆ ಹೋಗಿ ಮಕ್ಕಳಿಗೆ ಪಿಟೀಲು ಹೇಳಿಕೊಡಲು ಶುರು ಮಾಡಿದೆ. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಪೀಣ್ಯದಲ್ಲಿ ಶೆಡ್ ಹಿಡಿದು ರಬ್ಬರ್ ವಾಷರ್ ಮಾಡುವ ಸಣ್ಣ ಯೂನಿಟ್ ಹಾಕಿದ. ಮಾಸ್ಟರ್ ಮನೆಯಲ್ಲಿ ಕೂತರು.

ಆಗಲೇ ವೈಟ್‌ಫೀಲ್ಡಿನ ಟೀಚರ್ ಬಂದದ್ದು. ಅಲ್ಲಿನ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದ, ಚರ್ಚಿನಲ್ಲಿ ಚೆಲ್ಲೋ ಬಾರಿಸುತ್ತಿದ್ದ ಹೆಂಗಸು. ಅವರ ಗುರುಗಳು ಹೊರದೇಶದಲ್ಲಿದ್ದರು. ಅವರು ನಾಲ್ಕು ಚೆಲ್ಲೋಗಾಗಿ ಒಂದು ಕೃತಿ ಬರೆದು ಅಂಚೆಯಲ್ಲಿ ಕಳಿಸಿದ್ದರು. ಶಾಲೆಯ ಹಾಲಿನಲ್ಲಿ ಅದನ್ನು ನುಡಿಸಬೇಕೆಂದು ಟೀಚರಿಗೆ ಆಸೆ. ಊರಲ್ಲೆಲ್ಲ ಹುಡುಕಿದರೂ ಚೆಲ್ಲೋ ಬಾರಿಸುವವರು ಸಿಕ್ಕಿದ್ದು ನಾವು ಮೂವರೇ.

"ಪ್ರೋಗ್ರಾಮ್ ಹಾಳೆಲಿ ನಾಲ್ಕೂ ಜನರ ಹೆಸರು ಹಾಕ್ತೀವಿ. ಬೇರೆ ಯಾವ ವಾದ್ಯನೂ ಇಲ್ಲ, ಹಾಡೋರೂ ಇಲ್ಲ, ಬರೀ ಚೆಲ್ಲೋ" ಎಂದರು ಟೀಚರ್.

ಮಾಸ್ಟರ್ ಇನ್ನೇನೂ ಕೇಳಲಿಲ್ಲ, ಬರುತ್ತೇನೆಂದರು. ಟೀಚರ್ ಹೋದ ಮೇಲೆ ನನ್ನನ್ನು ಬಸ್ಸಿಗೆ ಬಿಡಲು ಬಂದು ಕಾರಣ ಹೇಳಿದರು. "ನಮ್ಮವಳ ಕಿವಿ ಮಂದ ಆಗ್ತಾ ಇದೆ ಕಣೋ. ದಿನ ಹೋದಂಗೆ ಇನ್ನೂ ಕಡಿಮೆ ಆಗುತ್ತೆ ಅಂದಿದಾರೆ ಡಾಕ್ಟ್ರು. ಮದುವೆ ಆದಾಗಿಂದ ಕೇಳ್ತಾನೇ ಇದಾಳೆ, ನಿಮ್ಮದು ಯಾವುದು ಅಂತ. ಒಂದ್ಸಲ ಕೇಳಿಸಿಬಿಡಬೇಕು. ಪೂರ್ತಿ ಹೋಗೋಕೆ ಮುಂಚೆ."

ಅವರು ಇದನ್ನು ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸು ಬರುತ್ತಿದೆಯಾ ಎಂದು ನೋಡುತ್ತಾ ಹೇಳಿದರು. ಆ ಹೊತ್ತಿನಿಂದ ಆ ಕಾರ್ಯಕ್ರಮ ನನಗೆ ಟೀಚರ್ ಕಾರ್ಯಕ್ರಮವಾಗಿ ಉಳಿಯಲಿಲ್ಲ.

ಅಭ್ಯಾಸಕ್ಕೆ ಗೆಳೆಯನ ಶೆಡ್ಡೇ ಗತಿ. ಹಗಲಿನ ಪಾಳಿ ಮುಗಿದ ಮೇಲೆ ಅವನ ಕೆಲಸದವರು ಹೋಗುತ್ತಿದ್ದರು. ನಾವು ರಬ್ಬರ್ ಹಾಳೆಗಳ ರಾಶಿಯ ನಡುವೆ ನಾಲ್ಕು ಕುರ್ಚಿ ಹಾಕಿಕೊಳ್ಳುತ್ತಿದ್ದೆವು. ಟೀಚರ್ ವೈಟ್‌ಫೀಲ್ಡಿನಿಂದ ರೈಲಿನಲ್ಲಿ ಸಿಟಿಗೆ ಬಂದು, ಅಲ್ಲಿಂದ ಬಸ್ಸು ಹಿಡಿಯುತ್ತಿದ್ದರು. ಅವರ ಚೆಲ್ಲೋ ಶೆಡ್ಡಿನಲ್ಲೇ ಕಂಬಳಿ ಹೊದ್ದು ಮಲಗಿರುತ್ತಿತ್ತು. ನಾನು ಮಾತ್ರ ನನ್ನದನ್ನು ಬಸ್ಸಿನಲ್ಲಿ ಹೊತ್ತು ತರುತ್ತಿದ್ದೆ. ಒಬ್ಬ ಕಂಡಕ್ಟರ್ ಪ್ರತಿ ಸಲ ಅದರ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, "ಒಳಗೆ ಯಾರಾದ್ರೂ ಇದ್ರೆ ಅವ್ರಿಗೂ ಟಿಕೆಟ್ ತಗೊಳ್ಳಿ ಸಾರ್" ಅನ್ನುತ್ತಿದ್ದ. ಶೆಡ್ಡಿನೊಳಗೆ ಸುಟ್ಟ ರಬ್ಬರಿನ ವಾಸನೆ. ಈಗಲೂ ಎಲ್ಲಾದರೂ ಟೈರ್ ಪಂಕ್ಚರ್ ಹಾಕುವ ಅಂಗಡಿಯ ಮುಂದೆ ಹಾದುಹೋದರೆ ನನಗೆ ಆ ಸಂಗೀತ ನೆನಪಾಗುತ್ತದೆ.

ಕುರ್ಚಿಗಳ ವಿಷಯ ಇಲ್ಲೇ ಹೇಳಿಬಿಡಬೇಕು. ಸ್ಟುಡಿಯೋದಲ್ಲಿ ಕೂರುವುದಕ್ಕೆ ಒಂದು ಕ್ರಮವಿದೆ. ಎಲ್ಲರಿಗಿಂತ ಹಿರಿಯರಿಗೆ ಒಂದನೇ ಕುರ್ಚಿ, ಕಿರಿಯನಿಗೆ ಕೊನೆಯದು. ಕಿರಿಯನ ಪಾರ್ಟು ಸುಲಭದ್ದು, ಉದ್ದುದ್ದ ಸ್ವರಗಳು, ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬರು ಸತ್ತರೆ ಅಥವಾ ಬಿಟ್ಟು ಹೋದರೆ ಮಾತ್ರ ಉಳಿದವರು ಒಂದೊಂದು ಕುರ್ಚಿ ಮುಂದೆ ಸರಿಯುತ್ತಾರೆ. ಹಾಗಾಗಿ ನಾವು ಯೋಚನೆಯನ್ನೇ ಮಾಡದೆ ಕೂತೆವು. ಮಾಸ್ಟರ್ ಒಂದನೆಯದು, ಟೀಚರ್ ಎರಡು, ಗೆಳೆಯ ಮೂರು, ನಾನು ನಾಲ್ಕು.

ಟೀಚರ್ ಹಾಳೆಗಳನ್ನು ಹಂಚಿದರು. ಮಾಸ್ಟರ್ ತಮ್ಮದನ್ನು ತಿರುಗಿಸಿ ಹಿಂಭಾಗ ನೋಡಿದರು, ಅಲ್ಲಿ ಏನೂ ಇರಲಿಲ್ಲ.

"ಇಷ್ಟೇನಾ?"

"ಇಷ್ಟೇ ಮಾಸ್ಟರ್. ಮಿನಿಮಲ್ ಮ್ಯೂಸಿಕ್ ಅಂತಾರೆ ಇದಕ್ಕೆ. ಸ್ವರ ಕಡಿಮೆ, ಸಮಯ ಜಾಸ್ತಿ."

ಮೇಲಿನ ಮೂರು ಚೆಲ್ಲೋಗಳಿಗೆ ಐದೈದು ಸ್ವರಗಳ ಒಂದು ಪುಟ್ಟ ಸಾಲು. ಒಬ್ಬರು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಅದನ್ನೇ ಶುರು ಮಾಡಬೇಕು, ಆಮೇಲೆ ಮೂರನೆಯವರು. ಅದನ್ನೇ ಮತ್ತೆ ಮತ್ತೆ ಬಾರಿಸುತ್ತಾ ಹೋಗಬೇಕು. ನಡುವೆ ಒಂದು ಸ್ವರ ಬಿದ್ದುಹೋಗುತ್ತದೆ, ಇನ್ನೊಂದು ಸೇರಿಕೊಳ್ಳುತ್ತದೆ. ನಾಲ್ಕನೆಯವನಿಗೆ ಅತಿ ಕೆಳಗಿನ ದಪ್ಪ ತಂತಿಯ ಮೇಲೆ ಒಂದೇ ಉದ್ದ ಸ್ವರ, ಅದೂ ನಿಲ್ಲದಂತೆ. ಬಹಳ ಹೊತ್ತಿನ ಮೇಲೆ ಅವನು ಪಕ್ಕದ ಸ್ವರಕ್ಕೆ ಸರಿದರೆ, ಉಳಿದ ಮೂವರು ಮುಂದಿನ ಸಾಲಿಗೆ ಹೋಗಬೇಕು. ಯಾವ ಸಾಲನ್ನು ಎಷ್ಟು ಸಲ ಬಾರಿಸಬೇಕು ಎಂದು ಹಾಳೆಯಲ್ಲಿ ಬರೆದಿರಲಿಲ್ಲ.

ಜೋರಾಗಿ, ಮೆಲ್ಲಗೆ, ಪ್ರೀತಿಯಿಂದ, ದುಃಖದಿಂದ, ಏನೊಂದೂ ಬರೆದಿರಲಿಲ್ಲ. ಮೇಲಿನ ಮೂವರು ಮ್ಯೂಟ್ ಹಾಕಿಕೊಂಡು ಬಾರಿಸಬೇಕು ಎಂಬುದೊಂದು ಬಿಟ್ಟರೆ. ಮ್ಯೂಟ್ ಎಂದರೆ ತಂತಿಗಳನ್ನು ಹೊತ್ತು ನಿಂತ ಮರದ ಕುದುರೆಗೆ ಸಿಕ್ಕಿಸುವ ತುಂಡು. ಅದನ್ನು ಹಾಕಿದರೆ ಚೆಲ್ಲೋ ಪಿಸುಮಾತಾಡುತ್ತದೆ. ನಮ್ಮಲ್ಲಿ ಯಾರ ಹತ್ತಿರವೂ ಸರಿಯಾದದ್ದು ಇರಲಿಲ್ಲ. ಗೆಳೆಯ ತನ್ನ ದಪ್ಪ ರಬ್ಬರ್ ಹಾಳೆಯಿಂದಲೇ ಮೂರು ಕತ್ತರಿಸಿ ಕೊಟ್ಟ. ಅವು ಎಷ್ಟು ಚೆನ್ನಾಗಿ ಕೆಲಸ ಮಾಡಿದವೆಂದರೆ ಎರಡು ಮಾರು ಆಚೆ ನಿಂತರೆ ಬೋ, ಅಂದರೆ ತಂತಿ ಉಜ್ಜುವ ಕಮಾನು, ಆಡುವುದು ಕಾಣುತ್ತಿತ್ತು, ಸ್ವರವನ್ನು ಕಿವಿಗೊಟ್ಟು ಹುಡುಕಬೇಕಿತ್ತು.

ಮೊದಲ ದಿನಗಳು ಜಗಳದಲ್ಲೇ ಕಳೆದವು. ಮಾಸ್ಟರ್ ಜೀವನವಿಡೀ ಕಲಿತದ್ದು ಫೀಲ್ ಹಾಕುವುದನ್ನು. ಸಂಗೀತ ನಿರ್ದೇಶಕರು ಗಾಜಿನ ಆಚೆಯಿಂದ "ಮಾಸ್ಟರ್, ಆಸ್ಪತ್ರೆ ಸೀನು" ಅಂದರೆ ಸಾಕು, ಇವರ ಬೆರಳು ತಂತಿಯ ಮೇಲೆ ನಡುಗಿ, ಜಾರಿ, ಹೆತ್ತ ತಾಯಿಯ ಎದೆಯೇ ಒಡೆದ ಹಾಗೆ ಅಳುತ್ತಿತ್ತು. ಈ ಐದು ಸ್ವರಕ್ಕೂ ಅವರು ಅದನ್ನೇ ಹಾಕಿದರು. ಟೀಚರ್ ಬೋ ಕೆಳಗಿಟ್ಟರು.

"ಮಾಸ್ಟರ್, ಇಲ್ಲಿ ಯಾರೂ ಸತ್ತಿಲ್ಲ."

"ಸತ್ತಿಲ್ಲದಿದ್ರೆ ಇಷ್ಟು ನಿಧಾನ ಯಾಕಮ್ಮಾ?"

ಗೆಳೆಯ ನಕ್ಕು ನಕ್ಕು ರಬ್ಬರ್ ರಾಶಿಯ ಮೇಲೆ ಬಿದ್ದ. ಟೀಚರ್ ನಗಲಿಲ್ಲ. "ಏನೂ ಹಾಕ್ಬೇಡಿ ಮಾಸ್ಟರ್. ಬರೆದಿರೋದನ್ನ ಬಾರಿಸಿ, ಸುಮ್ನೆ ಕಾಯಿರಿ. ಬರೋದು ತಾನಾಗೇ ಬರುತ್ತೆ" ಅಂದರು. ಮಾಸ್ಟರ್ ಅದನ್ನು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ. ಆದರೂ ಅವರು ಬೆರಳು ನಡುಗಿಸುವುದನ್ನು ಬಿಟ್ಟರು. ಅವರು ಬಿಟ್ಟದ್ದು ಹೆಂಡತಿಗಾಗಿ, ಕಾರ್ಯಕ್ರಮ ನಡೆಯಲೇಬೇಕಿತ್ತು.

ಕೆಲವು ವಾರಗಳಲ್ಲಿ ನಮ್ಮದು ಕೂಡಿಬಂತು. ನಾಲ್ಕೂ ಜನ ಗಡಿಯಾರದ ಹಾಗೆ ನಡೆಯುತ್ತಿದ್ದೆವು. ಯಾರೂ ಕಾಲಿನಲ್ಲಿ ತಾಳ ಹಾಕುತ್ತಿರಲಿಲ್ಲ, ಯಾರೂ ತಲೆ ಆಡಿಸುತ್ತಿರಲಿಲ್ಲ, ಆದರೂ ಸಾಲುಗಳು ಒಂದರೊಳಗೊಂದು ಸರಿಯಾಗಿ ಕೂರುತ್ತಿದ್ದವು. ಸ್ಟುಡಿಯೋದಲ್ಲಿ ನಮಗೆ ಹೆಡ್‌ಫೋನಿನಲ್ಲಿ ಟಕ್ ಟಕ್ ಎಂದು ತಾಳ ಕೇಳಿಸುತ್ತಿರುತ್ತಿತ್ತು. ಅದಿಲ್ಲದೆ ಇಷ್ಟು ಸರಾಗವಾಗಿ ಬಾರಿಸುತ್ತಿದ್ದೇವಲ್ಲ ಎಂದು ನಮಗೆ ನಮ್ಮ ಮೇಲೇ ಹೆಮ್ಮೆ ಬಂದಿತ್ತು. ಟೀಚರ್ ಕೂಡ ಹೊಗಳಿದರು.

ಒಂದು ಸಂಜೆ ನಡುವೆ ಕರೆಂಟು ಹೋಯಿತು. ಛಾವಣಿಯ ಗಾಜಿನ ಹಾಳೆಯಿಂದ ಬೇಕಾದಷ್ಟು ಬೆಳಕು ಬೀಳುತ್ತಿತ್ತು, ಚೆಲ್ಲೋಗೆ ಕರೆಂಟು ಬೇಡ, ನಾವು ನಿಲ್ಲಿಸಲಿಲ್ಲ. ಕೀಬೋರ್ಡಿನವನಾಗಿದ್ದರೆ ಈಗ ಕೈಕಟ್ಟಿ ಕೂರಬೇಕಿತ್ತು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಸ್ವಲ್ಪ ಹೊತ್ತಿಗೆ ಮಾಸ್ಟರ್ ಮುಂದೆ ಓಡಿದರು. ಗೆಳೆಯ ಹಿಂದೆ ಬಿದ್ದ. ಟೀಚರ್ ಇಬ್ಬರ ನಡುವೆ ಸಿಕ್ಕಿ ಅತ್ತಿತ್ತ ನೋಡಿದರು. ನಾನು ಯಾರಿಗಾಗಿ ಸ್ವರ ಬದಲಿಸಬೇಕೋ ತಿಳಿಯದೆ ಒದ್ದಾಡಿದೆ. ಸಂತೆಯಲ್ಲಿ ನಾಲ್ಕು ಜನ ನಾಲ್ಕು ಸಾಮಾನು ಕೂಗಿ ಮಾರಿದ ಹಾಗೆ ಆಯಿತು. ಮತ್ತೆ ಮೊದಲಿನಿಂದ ಶುರು ಮಾಡಿದೆವು, ಮತ್ತೆ ಹಾಗೇ ಆಯಿತು. ಮೂರನೇ ಸಲ ಬಾರಿಸುತ್ತಿದ್ದಾಗ ಕರೆಂಟು ಬಂತು. ನೋಡನೋಡುತ್ತಿದ್ದಂತೆ ನಾಲ್ಕೂ ಜನ ತಾವಾಗಿಯೇ ಒಂದಾದೆವು.

ಎಲ್ಲರೂ ಒಟ್ಟಿಗೆ ನಿಲ್ಲಿಸಿದೆವು. ಗೋಡೆಯ ಆಚೆ, ಪಕ್ಕದ ಶೆಡ್ಡಿನಲ್ಲಿ ಮೋಟಾರಿನ ತಗಡುಗಳನ್ನು ಕತ್ತರಿಸುವ ಪವರ್ ಪ್ರೆಸ್ ಓಡುತ್ತಿತ್ತು. ಧಡ್, ಧಡ್, ಧಡ್. ಅಷ್ಟು ದಿನ ಅದು ಓಡುತ್ತಲೇ ಇತ್ತು, ಪೀಣ್ಯದಲ್ಲಿ ಅದನ್ನು ಯಾರೂ ಶಬ್ದ ಎಂದು ಲೆಕ್ಕಕ್ಕೇ ಇಡುವುದಿಲ್ಲ.

"ಗುರು, ನಮಗೆ ತಾಳ ತೋರ್ಸೋ ಕಂಡಕ್ಟರ್ ಪಕ್ಕದ ಶೆಡ್ಡಲ್ಲಿದಾನೆ" ಎಂದ ಗೆಳೆಯ.

ಯಾರೂ ನಗಲಿಲ್ಲ. ಜೀವನವಿಡೀ ಕಿವಿಯಲ್ಲಿ ಟಕ್ ಟಕ್ ಹಾಕಿಕೊಂಡು ಬಾರಿಸಿದ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು. ಹೊರಗಿನ ತಾಳ ಸಿಕ್ಕಿದ ಕೂಡಲೇ ನಮಗೇ ಗೊತ್ತಿಲ್ಲದೆ ಅದರ ಕೈ ಹಿಡಿದುಬಿಟ್ಟಿದ್ದೆವು. ವೈಟ್‌ಫೀಲ್ಡಿನ ಶಾಲೆಯ ಹಾಲಿನಲ್ಲಿ ಪ್ರೆಸ್ ಇರಲಿಲ್ಲ.

ಆಮೇಲೆ ಪ್ರೆಸ್ಸಿನವರ ವಾರದ ರಜೆಯಲ್ಲಿ ಮಾತ್ರ ಅಭ್ಯಾಸ ಎಂದು ಮಾಡಿಕೊಂಡೆವು. ಗೆಳೆಯ ಪ್ರೆಸ್ಸಿನ ಸದ್ದನ್ನು ಟೇಪಿನಲ್ಲಿ ಹಿಡಿದು ತರುತ್ತೇನೆಂದ, ಟೀಚರ್ ಅವನನ್ನು ದುರುಗುಟ್ಟಿ ನೋಡಿದರು. ಅವರೇ ಕಾಲಿನಲ್ಲಿ ತಾಳ ಹಾಕಿದರು. ಆಗ ಎಲ್ಲ ಸರಿಯಾಗಿ ಬಂತು, ಆದರೆ ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಬಂತು. ತಪ್ಪಿರಲಿಲ್ಲ, ಜೀವವೂ ಇರಲಿಲ್ಲ. ಕಾಲು ನಿಲ್ಲಿಸಿದರೆ ಮತ್ತೆ ಸಂತೆ. ಕಾರ್ಯಕ್ರಮ ಹತ್ತಿರ ಬರುತ್ತಿತ್ತು. ಟೀಚರ್ ಒಂದು ದಿನ ಮೆಲ್ಲಗೆ, "ಬೇಡ ಅಂತ ಹೇಳಿಬಿಡ್ಲಾ ಸ್ಕೂಲಲ್ಲಿ?" ಎಂದರು. ಮಾಸ್ಟರ್ ಮುಖ ನೋಡಲು ನನಗೆ ಆಗಲಿಲ್ಲ.

ನನ್ನ ಪಾರ್ಟಿನಲ್ಲೇ ತೊಂದರೆ ಎಂದು ನನಗೆ ಅನುಮಾನ ಶುರುವಾಗಿತ್ತು. ಕೆಳಗಿನ ಸ್ವರ ನಿಲ್ಲದೆ ಹರಿಯಬೇಕು. ಬೋ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ದಿಕ್ಕು ಬದಲಿಸುವಾಗ ನನ್ನ ಕೈಯಲ್ಲಿ ಒಂದು ಸಣ್ಣ ಗುದ್ದು ಬೀಳುತ್ತಿತ್ತು. ತಾಳಕ್ಕಾಗಿ ಹಸಿದಿದ್ದ ಮೂವರೂ ಆ ಗುದ್ದನ್ನೇ ತಾಳವೆಂದು ಹಿಡಿಯುತ್ತಿದ್ದರು. ನನ್ನ ಗುದ್ದುಗಳೋ ಒಮ್ಮೆ ಬೇಗ, ಒಮ್ಮೆ ತಡ.

ಒಂದು ದಿನ ಶ್ರುತಿ ಮಾಡಿಕೊಳ್ಳುವಾಗ ಮಾಸ್ಟರ್ ತಮ್ಮ ದಪ್ಪ ತಂತಿಯನ್ನು ಸುಮ್ಮನೆ ಎಳೆದರು. ಉಳಿದವರು ತಮ್ಮ ಬಿರಟೆಗಳನ್ನು ತಿರುಗಿಸುತ್ತಿದ್ದೆವು. ಅವರು ಎಳೆಯುತ್ತಲೇ ಇದ್ದರು. ಬೋ ಎಲ್ಲಿ ತಿರುಗಿತು ಎಂದು ನೋಡಿದವನಿಗೆ ಕಂಡಿತೇ ಹೊರತು ಕಿವಿಗೆ ಸಿಗಲಿಲ್ಲ. ನಾಟಕ ಕಂಪನಿಯಲ್ಲಿ ಪಾತ್ರಧಾರಿಗಳ ಮಾತಿನ ಕೆಳಗೆ ಶ್ರುತಿ ಹಿಡಿದು ಕೂತ ಕೈ ಅದು. ನೋಡುತ್ತಿದ್ದ ಹಾಗೆ ಟೀಚರ್ ಭುಜ ಕೆಳಗಿಳಿಯಿತು, ಗೆಳೆಯ ಮಾತು ನಿಲ್ಲಿಸಿದ. ಮಾಸ್ಟರ್ ಮಾತ್ರ ಬೇರೇನೋ ಯೋಚಿಸುತ್ತಾ ಕಿಟಕಿಯ ಕಡೆ ನೋಡುತ್ತಿದ್ದರು.

ಮಾರನೆಯ ದಿನ ಅವರ ಮನೆಗೆ ಹೋದೆ. ಹೇಗೆ ಹೇಳುವುದು? ನನ್ನನ್ನು ಈ ಕೆಲಸಕ್ಕೆ ತಂದವರಿಗೆ, ನೀವು ಕೊನೆಯ ಕುರ್ಚಿಗೆ ಹೋಗಿ, ನಾನು ನಿಮ್ಮ ಕುರ್ಚಿಯಲ್ಲಿ ಕೂರುತ್ತೇನೆ ಅನ್ನಬೇಕಿತ್ತು. ಅದೂ ಇದು ಅವರ ಹೆಂಡತಿಗಾಗಿಯೇ ನಡೆಯುತ್ತಿರುವ ಕಾರ್ಯಕ್ರಮ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮತ್ತೆ ಕೂಗಿತು, ಮತ್ತೂ ಕೂಗಿತು. ಅವರ ಹೆಂಡತಿ ಅದರ ಪಕ್ಕದಲ್ಲೇ ನಿಂತು ಸೊಪ್ಪು ಸೋಸುತ್ತಿದ್ದರು, ತಿರುಗಿಯೂ ನೋಡಲಿಲ್ಲ. ಮಾಸ್ಟರ್ ಎದ್ದು ಹೋಗಿ ಒಲೆ ಆರಿಸಿ ಬಂದರು.

"ನೋಡಿದ್ಯಾ?" ಎಂದರು ನನಗೆ.

ಆಕೆ ಚಹಾ ತಂದುಕೊಟ್ಟು, "ಕುಡಿ ತಮ್ಮಾ" ಅಂದವರು ಇದ್ದಕ್ಕಿದ್ದಂತೆ ಬಾಗಿಲ ಕಡೆ ನೋಡಿದರು. "ನೀರಿನ ಲಾರಿ ಬಂತ ನೋಡ್ರಿ" ಎಂದು ಕೊಡ ಎತ್ತಿಕೊಂಡು ಹೋದರು. ನನಗೆ ಏನೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರಸ್ತೆಯ ತಿರುವಿನಲ್ಲಿ ಲಾರಿ ಗುಡುಗುಡು ಎನ್ನುತ್ತಾ ಕಾಣಿಸಿತು. ನೀರಿನ ಲಾರಿಯೆಂದರೆ ಹೆಂಗಸರಿಗೆ ಆರನೇ ಇಂದ್ರಿಯ ಇರುತ್ತದೆ ಎಂದುಕೊಂಡು ನಾನು ನನ್ನ ವಿಷಯಕ್ಕೆ ಬಂದೆ.

ಮಾಸ್ಟರ್ ಪೂರ್ತಿ ಕೇಳಿದರು.

"ಅದು ಹೊಸಬರಿಗೆ ಕೊಡೋ ಪಾರ್ಟು."

"ಗೊತ್ತು ಮಾಸ್ಟರ್. ನನ್ ಕೈಲಿ ಆಗ್ತಿಲ್ಲ."

"ಅವಳು ಮುಂದೆ ಕೂತಿರ್ತಾಳೆ. ನಾನು ಹಿಂದೆ ಕೂತ್ಕೊಂಡು ಊಂ ಅಂತ ಒಂದೇ ಸ್ವರ ಎಳೀತಾ ಇರ್ಲಾ? ಸಿನಿಮಾದಲ್ಲೂ ಅದೇ ಮಾಡ್ದೆ. ಇಲ್ಲೂ ಅದೇನಾ?"

ನೀವು ಅಲ್ಲಿ ಕೂತರೆ ಮಾತ್ರ ಇದು ನಿಲ್ಲುತ್ತದೆ, ಇಲ್ಲದಿದ್ದರೆ ಕಾರ್ಯಕ್ರಮವೇ ಇಲ್ಲ ಎಂದಷ್ಟೇ ಹೇಳಿದೆ. ಅವರು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಬಸ್‌ಸ್ಟ್ಯಾಂಡಿಗೆ ನಡೆದೆ. ಆ ಮನುಷ್ಯ ಕೇಳಿದ್ದು ಒಂದೇ ಒಂದು, ಅದನ್ನೂ ನಾನೇ ಕಿತ್ತುಕೊಂಡೆನಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಮುಂದಿನ ಅಭ್ಯಾಸಕ್ಕೆ ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ತಮ್ಮ ಚೆಲ್ಲೋ ಎತ್ತಿಕೊಂಡು ನಾಲ್ಕನೇ ಕುರ್ಚಿಯಲ್ಲಿ ಕೂತರು. ನಾನು ಸುಮ್ಮನೆ ನಿಂತೇ ಇದ್ದೆ.

"ಕೂತ್ಕೊಳ್ಳೋ. ಒಂದನೇ ಕುರ್ಚಿ ಏನೂ ಕಚ್ಚಲ್ಲ."

ಕೂತೆ. ಆ ಮರದ ಕುರ್ಚಿಗೂ ಉಳಿದ ಮೂರಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ, ಆದರೂ ನನಗೆ ಬೆನ್ನು ಒರಗಿಸಲು ಧೈರ್ಯ ಬರಲಿಲ್ಲ. ಅವರು ಕೆಳಗಿನ ಸ್ವರ ಹಿಡಿದರು. ನಾನು ಐದು ಸ್ವರದ ಸಾಲು ಶುರು ಮಾಡಿದೆ. ಟೀಚರ್ ಸೇರಿದರು, ಗೆಳೆಯ ಸೇರಿದ. ತಾಳ ಇರಲಿಲ್ಲ. ತಾಳ ಬೇಕು ಅನ್ನಿಸಲೂ ಇಲ್ಲ. ಒಂದೇ ನೆಲದ ಮೇಲೆ ನಾಲ್ಕು ಜನ ಕೂತ ಹಾಗಿತ್ತು. ಒಬ್ಬರು ಸ್ವಲ್ಪ ಮುಂದೆ ಹೋದರೂ ಆ ಸ್ವರ ಅವರನ್ನು ಗದರದೆ ಕಾಯುತ್ತಿತ್ತು. ಮಾಸ್ಟರ್ ಯಾವಾಗ ಸ್ವರ ಬದಲಿಸುತ್ತಾರೆ ಎಂದು ನಾವು ಕಾಯುತ್ತಿದ್ದೆವು, ನಮ್ಮ ಮೂರೂ ಸಾಲುಗಳು ಯಾವಾಗ ಒಂದರೊಳಗೊಂದು ತಂಗುತ್ತವೆ ಎಂದು ಅವರು ಕಾಯುತ್ತಿದ್ದರು. ಬರೋದು ತಾನಾಗೇ ಬರುತ್ತೆ ಎಂದು ಟೀಚರ್ ಹೇಳಿದ್ದು ಏನೆಂದು ನನಗೆ ಆ ದಿನ ಅರ್ಥವಾಯಿತು. ನಾವು ಯಾರೂ ದುಃಖ ಹಾಕಿರಲಿಲ್ಲ, ಆದರೂ ಮುಗಿದ ಮೇಲೆ ಗೆಳೆಯ ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ.

"ಧೂಳು ಗುರು" ಅಂದ.

"ಹೌದೌದು, ಧೂಳು" ಅಂದರು ಮಾಸ್ಟರ್, ಎಷ್ಟೋ ದಿನಗಳ ಮೇಲೆ ನಗುತ್ತಾ.

ಕಾರ್ಯಕ್ರಮದ ದಿನ ಗೆಳೆಯನ ಮೆಟಡೋರಿನಲ್ಲಿ ಹೊರಟೆವು. ಹಿಂದೆ ರಬ್ಬರ್ ಹಾಳೆಗಳ ಮೇಲೆ ಚೆಲ್ಲೋಗಳನ್ನು ಮಲಗಿಸಿ ಅವುಗಳ ಪಕ್ಕ ನಾನು, ಮುಂದಿನ ಸೀಟಿನಲ್ಲಿ ಮಾಸ್ಟರ್ ಮತ್ತು ಇಳಕಲ್ ಸೀರೆ ಉಟ್ಟ ಅವರ ಹೆಂಡತಿ. ವೈಟ್‌ಫೀಲ್ಡಿಗೆ ಮೊದಲಿನ ಹೂಡಿ ಬರುವ ಹೊತ್ತಿಗೆ ಎರಡೂ ಕಡೆ ಹೊಲ, ನೀಲಗಿರಿ ತೋಪು, ನಡುವೆ ಅಲ್ಲೊಂದು ಇಲ್ಲೊಂದು ಏಳುತ್ತಿದ್ದ ಕಟ್ಟಡದ ಕಂಬಿಗಳು. ಆ ರಸ್ತೆಯಲ್ಲಿ ಎದುರಿನಿಂದ ಒಂದು ವಾಹನ ಬಂದರೆ ಗೆಳೆಯ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದ. ಈಗ ಅಲ್ಲಿ ಹಾಗೆ ಮಾಡಲು ಹೊರಟರೆ ಕೈ ಇಳಿಸುವುದಕ್ಕೇ ಬಿಡುವು ಸಿಗಲಿಕ್ಕಿಲ್ಲ.

ಹಾಲು ತುಂಬಿರಲಿಲ್ಲ, ಖಾಲಿಯೂ ಇರಲಿಲ್ಲ. ಮಕ್ಕಳ ತಂದೆತಾಯಿ, ಚರ್ಚಿನವರು, ಹೊಸದಾಗಿ ಬಂದ ಕಂಪನಿಗಳ ಕೆಲವರು. ಮಾಸ್ಟರ್ ಹೆಂಡತಿ ಮುಂದಿನ ಸಾಲಿನಲ್ಲಿ, ಸರಿಯಾಗಿ ನನ್ನ ಎದುರಿಗೆ ಕೂತರು. ಒಂದನೇ ಕುರ್ಚಿಯ ಎದುರು. ಗಂಡ ಅಲ್ಲಿ ಕೂರುತ್ತಾರೆ ಎಂದು ಎಂದೋ ಹೇಳಿದ್ದು ಅವರ ಮನಸ್ಸಿನಲ್ಲಿ ಉಳಿದಿರಬೇಕು. ನಾನು ಅಲ್ಲಿ ಕೂತದ್ದನ್ನು ನೋಡಿ ಹುಬ್ಬೇರಿಸಿದರು, ಆಮೇಲೆ ಕೊನೆಯಲ್ಲಿದ್ದ ಗಂಡನನ್ನು ಕಂಡು ಎದ್ದು ಆ ಕಡೆಯ ಕುರ್ಚಿಗೆ ಹೋದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮಾಸ್ಟರ್ ಶುರು ಮಾಡಿದರು. ನಾವು ಒಬ್ಬೊಬ್ಬರಾಗಿ ಸೇರಿದೆವು. ಮೊದಲು ಕೆಮ್ಮು, ಕುರ್ಚಿ ಸರಿಯುವ ಸದ್ದು. ಹಾಡು ಯಾವಾಗ ಶುರುವಾಗುತ್ತೆ ಎಂದು ಯಾರೋ ಹಿರಿಯರು ಪಕ್ಕದವರನ್ನು ಕೇಳಿದ್ದು ನಮಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದೆಲ್ಲ ಅಡಗಿತು.

ಅರ್ಧ ದಾಟಿದ ಮೇಲೆ ಗೆಳೆಯ ಒಂದು ಸಾಲು ಮೊದಲೇ ಮುಂದಕ್ಕೆ ಹೋದ. ತಪ್ಪು ಗೊತ್ತಾದ ಕೂಡಲೇ ಅವನ ಕೈ ಬೋ ಎತ್ತಿಬಿಟ್ಟಿತು. ಅದು ಸ್ಟುಡಿಯೋ ಕಲಿಸಿದ ಪಾಠ. ತಪ್ಪಿದವನು ತಕ್ಷಣ ಬೋ ಎತ್ತಬೇಕು, ಒಬ್ಬ ಎತ್ತಿದರೆ ಎಲ್ಲರೂ ಎತ್ತಬೇಕು, ಸುಮ್ಮನೆ ಟೇಪು ಓಡಬಾರದು, ಇನ್ನೊಂದು ಟೇಕ್. ನಮಗೆ ಅದನ್ನು ಬೈದು ಬೈದು ಕಲಿಸಿದವರು ಮಾಸ್ಟರೇ. ನನ್ನ ಕೈಯೂ ನನ್ನನ್ನು ಕೇಳದೆ ಬೋ ಎತ್ತಿತು. ಎರಡೂ ಕಡೆ ಆಸರೆ ತಪ್ಪಿ ಟೀಚರೂ ನಿಂತರು. ಇಲ್ಲಿ ಇನ್ನೊಂದು ಟೇಕ್ ಇರಲಿಲ್ಲ.

ಕೆಳಗಿನ ಸ್ವರ ನಿಲ್ಲಲಿಲ್ಲ. ಮಾಸ್ಟರ್ ನಮ್ಮ ಕಡೆ ನೋಡಲೂ ಇಲ್ಲ. ಬೋ ಅದೇ ನಿಧಾನದಲ್ಲಿ ಹೋಯಿತು, ತಿರುಗಿತು, ಬಂತು. ಇಡೀ ಹಾಲಿನಲ್ಲಿ ಆ ಒಂದೇ ಸ್ವರ. ಅವರು ಅದನ್ನು ಯಾವ ಅಭ್ಯಾಸದಲ್ಲೂ ಹಿಡಿಯದಷ್ಟು ಹೊತ್ತು ಹಿಡಿದರು, ನಮ್ಮನ್ನು ಕರೆಯಲಿಲ್ಲ, ಕಾದರು ಅಷ್ಟೇ. ಇಷ್ಟು ವರ್ಷ ಎಲ್ಲ ಹಾಡುಗಳ ಕೆಳಗೆ ಇದ್ದದ್ದು ಇದೇ, ನಾವು ಯಾರೂ ಕೇಳಿರಲಿಲ್ಲ. ಟೀಚರ್ ಮೊದಲು ಬೋ ಇಳಿಸಿದರು. ಆಮೇಲೆ ನಾನು, ಆಮೇಲೆ ಗೆಳೆಯ. ಕೊನೆಯ ಸಾಲು ಮುಗಿದು ಆ ಸ್ವರವೂ ತೆಳುವಾಗಿ ಹೋದ ಮೇಲೆ ಚಪ್ಪಾಳೆ ಬರಲು ತಡವಾಯಿತು. ನಡುವೆ ಮೂವರು ಬೋ ಎತ್ತಿದ್ದು ಅದ್ಭುತವಾಗಿತ್ತು, ಹಾಳೆಯಲ್ಲೇ ಬರೆದಿದೆಯಾ ಎಂದು ಒಬ್ಬರು ಬಂದು ಕೇಳಿದರು. ಟೀಚರ್ ಕಣ್ಣು ಮಿಟುಕಿಸದೆ ಹೌದು ಅಂದರು.

ಅಂಗಳದಲ್ಲಿ ಚೆಲ್ಲೋಗಳನ್ನು ಮೆಟಡೋರಿಗೆ ಏರಿಸುತ್ತಿದ್ದೆವು. ಮಾಸ್ಟರ್ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತಾ ಬಂದರು. ಮಾಸ್ಟರ್ ಅವರ ಮುಖ ನೋಡಲಿಲ್ಲ, ಪೆಟ್ಟಿಗೆಯ ಬಕಲ್ ಹಾಕುವುದರಲ್ಲಿ ತೊಡಗಿದ್ದರು. ಹಾಕಿದ ಬಕಲನ್ನೇ ಮತ್ತೆ ಹಾಕುತ್ತಿದ್ದರು. ಅವರಿಗೆ ಬರಬೇಕಿದ್ದ ಪ್ರಶ್ನೆ ನನಗೂ ಗೊತ್ತಿತ್ತು.

ಕಿವಿ ಮಂದವಾದವರ ಹಾಗೆ ಆಕೆ ಗಟ್ಟಿಯಾಗಿಯೇ ಮಾತಾಡಿದರು, ಎಲ್ಲರಿಗೂ ಕೇಳಿಸಿತು.

"ಅಲ್ರೀ, ಆ ಮೂರೂ ಮಂದಿ ಬರೇ ಕೈ ಆಡಸಾಕತ್ತಿದ್ರಲ್ಲ! ಅಷ್ಟೊತ್ತನಕ ನೀವೊಬ್ರ ಬಾರಿಸಿದ್ರಿ. ಕೈ ನೋಯಲಿಲ್ಲೇನ್ರಿ?"

ಕುಕ್ಕರಿನ ಕೂಗು ಕೇಳದೆ, ಲಾರಿಯ ಗುಡುಗುಡು ನನಗಿಂತ ಮೊದಲೇ ಕೇಳಿದ ಆ ಕಿವಿ ನನಗೆ ನೆನಪಾಯಿತು. ಗೆಳೆಯ ನನ್ನ ಕಡೆ ನೋಡಿದ. ಟೀಚರ್ ಏನೋ ಹೇಳಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಮಾಸ್ಟರ್ ಬಕಲ್ ಬಿಟ್ಟು ತಲೆಯೆತ್ತಿ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು, ತಿದ್ದಬೇಡಿ ಎಂದು ಕೇಳುವ ಹಾಗೆ. ನಾವು ಯಾರೂ ತಿದ್ದಲಿಲ್ಲ.

"ಇಲ್ಲ, ನೋಯಲಿಲ್ಲ" ಎಂದರು ಹೆಂಡತಿಗೆ.

ಅದು ಆಕೆಗೆ ಕೇಳಿಸಲಿಲ್ಲ. "ಆಂ?" ಎಂದರು.

ಮಾಸ್ಟರ್ ಹತ್ತಿರ ಬಾಗಿ, ದನಿಯನ್ನು ಆ ದಪ್ಪ ತಂತಿಯಷ್ಟು ಕೆಳಗಿಳಿಸಿ, ಇನ್ನೊಂದು ಸಲ ಹೇಳಿದರು.